ಗೋಡೆಯ ಮೇಲಿನ ಪಾಸ್‌ವರ್ಡ್

ಸಿಂಧನೂರಿನ ಫೋಟೋಗ್ರಾಫರ್ ಜಂಬಣ್ಣನಿಗೆ ಕಾಗದದ ಮೇಲೆ ನಂಬಿಕೆಯಿಲ್ಲ. ಮಸ್ಕಿ, ಲಿಂಗಸುಗೂರು ಸುತ್ತಿ ತೆಗೆದ ಮದುವೆ ವಿಡಿಯೋಗಳನ್ನೆಲ್ಲ ಮನೆಯ ಸರ್ವರ್ ಪೆಟ್ಟಿಗೆಯಲ್ಲಿ ತುಂಬಿದ್ದ. ಪೆಟ್ಟಿಗೆ ಕೈಕೊಟ್ಟರೆ ಇರಲಿ ಎಂದು, ದಿನಾ ಅದರ ನಕಲು ತಾನಾಗಿಯೇ ಕ್ಲೌಡಿಗೆ ಹೋಗುವಂತೆ ಮಾಡಿದ. ಆ ನಕಲಿಗೊಂದು ಬೀಗ, ಬೀಗಕ್ಕೆ ನಲವತ್ತು ಅಕ್ಷರದ ಪಾಸ್‌ವರ್ಡ್. ಅದನ್ನು ಪೆಟ್ಟಿಗೆಯ ಹಿಂದಿನ ಗೋಡೆಗೆ ಪೆನ್ಸಿಲಿನಲ್ಲಿ ಬರೆದ.

“ಕಾಗದ ಕಳೀತೈತಿ, ಗ್ವಾಡಿ ಎಲ್ಲಿ ಹೊಕ್ಕೈತಿ?” ಎಂದು ಮೀಸೆ ತಿರುವಿದ.

ದಸರಾ ಮುಗಿದ ವಾರಕ್ಕೆ ಇಲಿಯೊಂದು ಪೆಟ್ಟಿಗೆಯೊಳಗೆ ಹೊಕ್ಕು, ಉಚ್ಚೆ ಹೊಯ್ದು, ಅದರ ಕಥೆ ಮುಗಿಸಿತು. ಜಂಬಣ್ಣ ಗಹಗಹಿಸಿ ನಕ್ಕ. ಹೊಸ ಪೆಟ್ಟಿಗೆ ತಂದ, ಕ್ಲೌಡ್ ತೆರೆದ, ಪಾಸ್‌ವರ್ಡ್ ನೋಡಲು ತಿರುಗಿದ. ಗೋಡೆ ಹಾಲಿನಂತೆ ಬೆಳ್ಳಗಿತ್ತು.

“ಲೇ ಕಲ್ಯಾಣೀ! ಗ್ವಾಡಿಗೇನು ಮಾಡಿದಿ?”

“ದಸರಾಕ್ಕ ಸುಣ್ಣ ಹಚ್ಚಂಗಿಲ್ಲೇನು? ಮೂವತ್ತು ವರ್ಷದಿಂದ ಹಚ್ಚಾಕತ್ತೀನಿ, ನಿಮ್ಮ ಕಣ್ಣಿಗೆ ಇವತ್ತು ಬಿತ್ತು!” ಎಂದು ಹೆಂಡತಿ ಕಲ್ಯಾಣಮ್ಮ ತಿರುಗಿಬಿದ್ದಳು.

ಜಂಬಣ್ಣ ತಲೆಯ ಮೇಲೆ ಕೈಹೊತ್ತು ಕುಸಿದು ಕೂತ.

“ಅಳಬ್ಯಾಡ್ರಿ. ನಾ ಅಷ್ಟು ದಡ್ಡಿ ಅಲ್ಲ. ಸುಣ್ಣ ಹಚ್ಚೂಕಿಂತ ಮೊದಲ ಅದರ ಫೋಟೋ ಹೊಡದೀನಿ.”

ಅವನು ಅವಳ ಕಾಲಿಗೆ ಬೀಳುವುದೊಂದು ಬಾಕಿ. “ಮೊಬೈಲ್ ಕೊಡು, ನಮ್ಮವ್ವ!”

“ಮೊಬೈಲ್ ನಂಬಬ್ಯಾಡ ಅಂತ ನೀವ ಹೇಳೀರಲ್ಲ? ನಿಮ್ಮ ಪೆಟ್ಟಿಗ್ಯಾಗ ಹಾಕಿ, ಮೊಬೈಲ್‌ನ್ಯಾಗಿಂದು ಅಳಿಸೀನಿ. ಈಗ ಕ್ಲೌಡಿನ್ಯಾಗ ಭದ್ರ ಐತಿ. ಬೀಗ ತಗದು ತಕ್ಕೋರಿ.”