ಮಿರ್ಚಿ ಹಿಟ್ಟು ಯಾರ ವಿಚಾರ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಯರಗುಪ್ಪಿಯಲ್ಲಿ ನಮ್ಮವ್ವ ಬಂದವರ ಮುಂದೆಲ್ಲ ಹೇಳುತ್ತಾಳೆ. ಅಣ್ಣಿಗೇರಿಯ ಕಡಲೆ ಮಿಲ್ಲಿನಲ್ಲಿ ಸಮೀಕ್ಷೆ ಮಾಡಿದ ಆ ವಾರ ನಾನು ಎಷ್ಟು ತಾಳ್ಮೆಯಿಂದಿದ್ದೆ ಎಂದರೆ ಆಕೆ ನಂಬಲಿಕ್ಕಿಲ್ಲ. ಕೆಲಸಗಾರರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಕೇಳಿದ್ದೆ. ಮಿರ್ಚಿ ಭಜಿ ಕರಿಯಲೆಂದೇ ಹದ ಮಾಡಿದ ಮಿರ್ಚಿ ಹಿಟ್ಟಿನ ಪಾಕೀಟು ತರಬೇಕೆಂದು ಮೊದಲು ಯಾರಿಗೆ ಹೊಳೆಯಿತು? ಸಾವಕಾರ್ರಿಗೆ, ಅಂದರೆ ಮಿಲ್ಲಿನ ಮಾಲಕರಿಗೆ. ಕಡಲೆ ಹೊಟ್ಟನ್ನು ದನಕ್ಕೆಂದು ಚೀಲ ಕಟ್ಟಿ ಮಾರುವುದು? ಸಾವಕಾರ್ರಿಗೆ. ಧೂಳು ಹೊರಗೆ ಹೋಗಲೆಂದು ಜರಡಿಯ ಮೇಲೆ ತಗಡಿನ ಗೂಡು ಕೂರಿಸುವುದು? ಅದೂ ಸಾವಕಾರ್ರಿಗೇ. ಸೂರ್ಯ ಮೂಡಬೇಕೆಂದು ಯಾರಿಗೆ ಹೊಳೆಯಿತು ಎಂದು ಕೇಳಿದ್ದರೂ ಅದೇ ಉತ್ತರ ಬರುತ್ತಿತ್ತೋ ಏನೋ.

ನನ್ನ ಹೆಸರು ಅಮೃತಾ. ಧಾರವಾಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ವಿಷಯ ಕಾರ್ಪೊರೇಟ್ ಉದ್ಯಮಶೀಲತೆ. ಹೆಸರು ಭಾರ, ಮಾತು ಸರಳ: ನಡೆಯುತ್ತಿರುವ ಕಂಪನಿಯೊಳಗೆ, ಸಂಬಳಕ್ಕೆ ದುಡಿಯುವವರೇ ಹೊಸದೊಂದನ್ನು ಹುಟ್ಟಿಸುವುದು ಹೇಗೆ? ಪುಸ್ತಕ ನೋಡಿ ಬರೆಯುವ ಸಂಶೋಧನೆ ನನ್ನದಲ್ಲ. ಜನರನ್ನು ಕೇಳಬೇಕು, ಉತ್ತರಗಳನ್ನು ಅಳೆಯಬೇಕು, ಅಳತೆ ಏನು ಹೇಳುತ್ತದೋ ಅದನ್ನೇ ಬರೆಯಬೇಕು. ಈ ವಿಷಯವನ್ನು ಸೂಚಿಸಿದವರು ನನ್ನ ಮಾರ್ಗದರ್ಶಕರಾದ ಕಾಶಿನಾಥ ಸರ್ ಎಂದು ಪ್ರಬಂಧದ ಮೊದಲ ಪುಟದಲ್ಲೇ ಬರೆದಿದ್ದೇನೆ.

ಅಳತೆ ಹೇಳಿದ್ದು ಸ್ಪಷ್ಟವಾಗಿತ್ತು. ಈ ಮಿಲ್ಲಿನಲ್ಲಿ ಕೆಲಸಗಾರರಿಂದ ಒಂದೂ ಹೊಸ ವಿಚಾರ ಬಂದಿಲ್ಲ. ಎಲ್ಲವೂ ಮೇಲಿನಿಂದ ಬಂದದ್ದು. ಕರಡು ವರದಿಯನ್ನು ನೋಡಿ ಸರ್ ಫೋನಿನಲ್ಲಿ, “ಫಲಿತಾಂಶ ಅಗದಿ ಚೊಕ್ಕ ಐತಿ ಅಮೃತಾ. ಇನ್ನ ಕೈ ಹಚ್ಚಬ್ಯಾಡ” ಎಂದರು. ನಾನು ಹಿಗ್ಗಿಹೋದೆ.

ಒಂದು ಪ್ರತಿಯನ್ನು ಸುಭಾಸನಿಗೆ ಕೊಟ್ಟೆ. ಸುಭಾಸನೆಂದರೆ ಮಾಲಕರಾದ ಕುಬೇರಪ್ಪ ಸಾವಕಾರರ ಮಗ. ಪುಣೆಯಲ್ಲಿ ಓದಿ ಬಂದು ಈಗ ಮಿಲ್ಲು ನಡೆಸುತ್ತಿದ್ದಾನೆ. ಕೆಟ್ಟ ಮನುಷ್ಯನಲ್ಲ. ಅಂಕಿ ಅಂಶ ಕಂಡರೆ ನನ್ನ ಹಾಗೆಯೇ ಅವನ ಮುಖವೂ ಅರಳುತ್ತದೆ, ಅಷ್ಟೇ.

“ನಾ ಭಾಳ ದಿವ್ಸದಿಂದ ಅನಕೋತ ಇದ್ದದ್ದು ನಿಮ್ಮ ರಿಪೋರ್ಟಿನ್ಯಾಗ ಬಂದೈತಿ ನೋಡ್ರಿ ಮೇಡಂ,” ಎಂದ. “ನಮ್ಮ ಮಂದಿ ಹೇಳಿದ್ದು ಮಾಡ್ತಾರ, ತಾವಾಗಿ ಏನೂ ಹುಡುಕೂದಿಲ್ಲ. ಮತ್ತ ಆ ಹಿಂದಿನ ಖೋಲಿ ಯಾರಿಗೆ ಬೇಕು? ಸೋಮವಾರ ಚಾವಿ ಇಸ್ಕೊಂಡು ಖಾಲಿ ಮಾಡಸ್ತೀನಿ. ಪ್ಯಾಕಿಂಗ್ ಮಶೀನ್ ಕೂಡಾಕ ಜಾಗಾ ಆಗತೈತಿ.”

ಹಿಂದಿನ ಖೋಲಿಯೆಂದರೆ ಮಿಲ್ಲಿನ ಬೆನ್ನಿಗೆ ಇರುವ ಒಂದು ಹಳೆಯ ಕೋಣೆ. ಅಲ್ಲೊಂದು ಒಲೆ, ದೊಡ್ಡ ಬಾಣಲೆ, ಕೈಯಿಂದ ತಿರುಗಿಸುವ ಬೀಸುವ ಯಂತ್ರ. ಕೆಲಸಗಾರರು ಬಿಡುವಾದಾಗ ಅಲ್ಲಿ ಹೋಗಿ ಏನಾದರೂ ಮಾಡಿ ನೋಡಬಹುದು, ಹಾಳಾದರೆ ಯಾರೂ ಕೇಳುವುದಿಲ್ಲ ಎಂದು ಕುಬೇರಪ್ಪ ಸಾವಕಾರರು ಎಂದೋ ಬಿಟ್ಟುಕೊಟ್ಟ ಜಾಗ. ಖಾಲಿ ಮಾಡುವ ಮೊದಲು ವರದಿಗೊಂದು ಫೋಟೋ ಇರಲಿ ಎಂದು ನಾನು ಆ ಕಡೆ ಹೋದೆ.

ಬಾಗಿಲಲ್ಲೇ ಬೆಳ್ಳುಳ್ಳಿಯ ಘಾಟು ಮೂಗಿಗೆ ಹೊಡೆಯಿತು. ಕಾಳು ಆರಿಸುವ ವಿಭಾಗದ ಮೀರಾಬಿ ಬಾಣಲೆಯಲ್ಲಿ ಪುಟಾಣಿ, ಅಂದರೆ ಹುರಿಗಡಲೆ, ಹಾಕಿ ಕೈಯಾಡಿಸುತ್ತಿದ್ದಳು. ಮಿಲ್ಲಿನಲ್ಲಿ ಎಲ್ಲರಿಗೂ ಆಕೆ ಖಾಲಾ, ಚಿಕ್ಕಮ್ಮ. ನನ್ನ ಸಮೀಕ್ಷೆಯಲ್ಲಿ ಎಲ್ಲಕ್ಕೂ ಅತಿ ಬೇಗ “ಸಾವಕಾರ್ರು” ಎಂದು ಉತ್ತರಿಸಿ ಎದ್ದುಹೋದವಳೂ ಆಕೆಯೇ.

“ಬಾ ತಂಗಿ, ಕೈ ಒಡ್ಡು,” ಎಂದು ಬಿಸಿ ಪುಟಾಣಿ ಹಾಕಿದಳು. ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಹಿಂದೆಯೇ ಒಂಚೂರು ಬೆಲ್ಲ. “ಉಪ್ಪು ಹೆಚ್ಚಾತೇನ?”

“ಇಲ್ಲ, ಅಗದಿ ಛಲೋ ಆಗೈತಿ. ಇದ ಯಾರ ವಿಚಾರ ಖಾಲಾ?” ಕೇಳುವುದು ನನಗೆ ಚಟವಾಗಿಬಿಟ್ಟಿತ್ತು.

“ಸಾವಕಾರ್ರದು.”

“ಅವರು ತಿಂದು ನೋಡ್ಯಾರೇನು?”

“ಎಲ್ಲೀದು. ಅವರಿಗೆ ಇನ್ನೂ ಗೊತ್ತಿಲ್ಲ.”

ಆಕೆ ತಮಾಷೆ ಮಾಡುತ್ತಿರಲಿಲ್ಲ. ಕೈಯಾಡಿಸುವುದನ್ನೂ ನಿಲ್ಲಿಸಲಿಲ್ಲ. ನನ್ನ ಸಿಟ್ಟು ನೆತ್ತಿಗೇರಿತು.

“ಗೊತ್ತಽ ಇಲ್ಲದ್ದು ಅವರ ವಿಚಾರ ಹೆಂಗಾಗತೈತಿ?”

“ಹದಕ್ಕ ಬಂದ ಮ್ಯಾಲೆ ಒಯ್ದು ಮುಂದ ಇಡ್ತೀನಲ್ಲ, ಆವಾಗ ಆಗತೈತಿ.”

“ಮೊನ್ನೆ ನಾ ಅಷ್ಟು ಕೇಳಿದಾಗ ಇದನ್ನ ಯಾಕ ಹೇಳಲಿಲ್ಲ?”

ಮೀರಾಬಿ ನನ್ನನ್ನು ಒಂದು ಗಳಿಗೆ ನೋಡಿದಳು. “ಹಿರೇರು ಇರಬೇಕಾದ್ರ ಇದು ನಂದು, ಅದು ನಂದು ಅಂತ ಎದೆ ತಟ್ಟಕೊಳ್ಳಾಕ ಬರತೈತೇನವಾ? ನಿಮ್ಮ ಮನ್ಯಾಗ ಹಂಗ ಮಾತಾಡ್ತೀರೇನು?” ಆಮೇಲೆ ಒಲೆಯ ಉರಿ ತಗ್ಗಿಸುತ್ತ, “ಸೋಮವಾರ ಖೋಲಿ ಬಿಡಬೇಕಂತ. ಅಷ್ಟರಾಗ ಇದೊಂದು ಹದಕ್ಕ ಬಂದ್ರ ಸಾಕು. ಇನ್ನ ಮುಂದ ಎಲ್ಲಿ ಮಾಡೂದೈತಿ” ಎಂದಳು.

ಖೋಲಿ ಹೋಗುತ್ತಿದ್ದದ್ದು ನನ್ನ ವರದಿಯಿಂದ. ಕೈಯಲ್ಲಿ ಉಳಿದ ಪುಟಾಣಿ ತಿನ್ನಲು ಮನಸ್ಸಾಗಲಿಲ್ಲ. ತಪ್ಪು ಫಲಿತಾಂಶ ಬಂದರೆ ನನ್ನ ಡಿಗ್ರಿ ತಡವಾಗುತ್ತದೆ ಎಂದಷ್ಟೇ ನಾನು ಈವರೆಗೆ ತಿಳಿದಿದ್ದೆ. ಒಬ್ಬಳ ಒಲೆ ಆರುತ್ತದೆ ಎಂದು ಯಾವ ತರಗತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಅಲ್ಲಿಂದ ನೆಟ್ಟಗೆ ಕುಬೇರಪ್ಪ ಸಾವಕಾರರ ಹತ್ತಿರ ಹೋದೆ. ಅವರೀಗ ವ್ಯವಹಾರ ನೋಡುವುದಿಲ್ಲ. ಹಣೆತುಂಬ ವಿಭೂತಿ ಹಚ್ಚಿಕೊಂಡು ಮುಂದಿನ ಪಡಸಾಲೆಯ ಗಾದಿಯ ಮೇಲೆ ಪೇಪರು ಓದುತ್ತ ಕೂರುತ್ತಾರೆ. ಪೀಠಿಕೆ ಹಾಕದೆ ಕೇಳಿದೆ: “ಅಜ್ಜಾರ, ಮಿರ್ಚಿ ಹಿಟ್ಟು ಖರೇನ ನಿಮ್ಮ ವಿಚಾರ ಏನ್ರಿ?”

ಅವರು ಪೇಪರು ಮಡಚಿದರು. “ಅಲ್ಲವಾ. ಮೀರಾಬಿದು. ಹಿಟ್ಟಿಗೆ ಮೊದಲಽ ಅಜವಾನ, ಸೋಡಾ ಹಾಕಿ ಕೊಟ್ರ ಮಿರ್ಚಿ ಅಂಗಡಿಯವ್ರು ತಗೋತಾರ ಅಂತ ಆಕಿ ತಲ್ಯಾಗ ಬಂದದ್ದು.”

“ಮತ್ತ ಎಲ್ಲಾರೂ ನಿಮ್ಮ ಹೆಸರು ಹೇಳ್ತಾರಲ್ರಿ?”

“ನಾನಽ ಹಂಗ ಹೇಳಿ ಇಟ್ಟಿದ್ದೆ. ಮೊದಲ ಸಲ ಮಾಡಿದ ಹಿಟ್ಟು ಹುಳಿ ಬಂತು. ಇಷ್ಟೂ ಚೀಲ ವಾಪಸ್ ಬಂದ್ವು. ಆಕಿ ಹೆಸರ್ಲೆ ಹೋಗಿದ್ರ ಮಂದಿ ಆಕೀನ ಆಡಕೋತಿದ್ರು, ಆಕಿ ಮತ್ತ ಖೋಲ್ಯಾಗ ಕಾಲು ಇಡತಿದ್ದಿಲ್ಲ. ನನ್ನ ಹೆಸರಿತ್ತು, ನನ್ನ ಬೈದ್ರು. ನನಗೇನು, ನಾ ಮಾಲಕ.”

“ಎರಡನೇ ಸಲ ಗೆದ್ದಾಗ?”

ಅವರು ಮಡಚಿದ ಪೇಪರನ್ನು ಇನ್ನೊಮ್ಮೆ ಮಡಚಿದರು. “ಆವಾಗ್ಲೂ ನನ್ನ ಹೆಸರಽ ಉಳೀತು. ಯಾರೂ ತೆಗಿ ಅನ್ನಲಿಲ್ಲ. ನಾನೂ ತೆಗೀಲಿಲ್ಲ.”

ಅವರ ಮೇಲೆ ಪ್ರೀತಿಯೂ ಬಂತು, ಸಿಟ್ಟೂ ಬಂತು. ಕೆಡುವಾಗ ನೆರಳಾದ ಹೆಸರು ಗೆಲ್ಲುವಾಗಲೂ ಸರಿದು ಬಿಸಿಲು ಬಿಡಲಿಲ್ಲ. ಮಗನಿಗೆ ಇದನ್ನೆಲ್ಲ ಹೇಳಬಾರದೇ ಎಂದರೆ, “ನಾ ಹೇಳಿದ್ರ ಮುದುಕ ತನ್ನ ಖೋಲಿ ಉಳಿಸ್ಕೊಳ್ಳಾಕ ಹೇಳತಾನ ಅಂತಾನ. ಅವಗ ಲೆಕ್ಕ ಬೇಕು. ಲೆಕ್ಕ ನಿನ್ನ ಕಡೆ ಐತಿ” ಎಂದುಬಿಟ್ಟರು.

ಆ ಸಂಜೆ ಯರಗುಪ್ಪಿಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಊಟಕ್ಕೆ ಕೂತವನು, “ಈ ಸಲ ಕಡ್ಲಿ ಹೊಲದ ಸುತ್ತ ಕುಸುಬಿ ಹಾಕೂಣು. ಅದರ ಮುಳ್ಳಿಗೆ ದನಾ ಒಳಗ ಬರೂದಿಲ್ಲ” ಎಂದ. ಅವ್ವ ಹೊಸ ಸುದ್ದಿ ಕೇಳಿದವಳಂತೆ, “ಹಂಗಽ ಮಾಡೂಣ್ರಿ” ಎಂದಳು. ಹಿಂದಿನ ಭಾನುವಾರ ಅದೇ ಮಾತನ್ನು ಅವನ ತಟ್ಟೆಗೆ ಪಲ್ಯ ಬಡಿಸುತ್ತ ಅವಳೇ ತೆಗೆದದ್ದು ನನ್ನ ಕಿವಿಯಾರೆ ಕೇಳಿದ್ದೆ. ಕುಸುಬಿ ಯಾರ ವಿಚಾರ ಎಂದು ಕೇಳಿದರೆ ಅವ್ವ ಅಪ್ಪನ ಹೆಸರನ್ನೇ ಹೇಳುತ್ತಾಳೆ. ಅದು ಸುಳ್ಳೂ ಅಲ್ಲ, ನಮ್ಮ ಕಡೆ ಮಾತಿನ ರೀತಿಯೇ ಹಾಗೆ. ಹಾಗಾದರೆ ಇವಳನ್ನು ಕೇಳುವುದು ಹೇಗೆ? ರೊಟ್ಟಿ ಮುರಿಯುತ್ತ ಸುಮ್ಮನೆ ಬಾಯಿಬಿಟ್ಟೆ: “ಅವ್ವಾ, ಕುಸುಬಿ ಮಾತು ಅಪ್ಪನ ಕಿವಿಗೆ ಮೊದಲು ಹಾಕಿದವರು ಯಾರು?”

“ನಾನಽ,” ಎಂದಳು ಅವ್ವ, ತಲೆ ಎತ್ತದೆ.

ಮಾರನೆಯ ದಿನ ಮೊದಲ ಬಸ್ಸಿಗೇ ಅಣ್ಣಿಗೇರಿಗೆ ಹೊರಟೆ. ಸರ್‌ಗೆ ಹೇಳಲಿಲ್ಲ. ಕೈ ಹಚ್ಚಬೇಡ ಎಂದವರಿಗೆ ಎಲ್ಲವನ್ನೂ ಕೆದರುತ್ತಿದ್ದೇನೆ ಎಂದು ಹೇಗೆ ಹೇಳುವುದು? ಮತ್ತೆ ಎಲ್ಲರನ್ನೂ ಕೂರಿಸಿಕೊಂಡೆ. ಪ್ರಶ್ನೆ ಮಾತ್ರ ಬೇರೆ: ಇದನ್ನು ಸಾವಕಾರ್ರ ಕಿವಿಗೆ ಮೊದಲು ಹಾಕಿದವರು ಯಾರು? ತಡವರಿಸದೆ ಉತ್ತರ ಬಂತು. ಹೊಟ್ಟಿನ ಚೀಲ ಹಮಾಲಿ ಹೊಳೆಯಪ್ಪನದು. ಜರಡಿಯ ಗೂಡು ಮಶೀನಿನ ನಿಜಾಮಸಾಬನದು. ಮಿರ್ಚಿ ಹಿಟ್ಟು ಖಾಲಾಂದು. ತಮ್ಮದನ್ನು ಹೇಳುವಾಗಲೂ ಯಾರೂ ನಾಚಲಿಲ್ಲ, ಏಕೆಂದರೆ ಅದರಲ್ಲಿ ಜಂಬವಿರಲಿಲ್ಲ, ಸಾವಕಾರರಿಗೆ ಹೇಳಿದ ಮರ್ಯಾದೆಯಿತ್ತು.

ಸೋಮವಾರ ಸುಭಾಸನ ಮುಂದೆ ಹೊಸ ಕೋಷ್ಟಕ ಇಟ್ಟಾಗ ಖೋಲಿಯ ಚಾವಿ ಆಗಲೇ ಅವನ ಮೇಜಿನ ಮೇಲೆ ಬಂದಿತ್ತು. ಬಾಗಿಲ ಪಕ್ಕ ಮೀರಾಬಿ ನಿಂತಿದ್ದಳು, ಕೊಟ್ಟು ಹೋಗಲು ಬಂದವಳು. ಕುಬೇರಪ್ಪನವರನ್ನು ನಾನೇ ಕರೆದಿದ್ದೆ.

ಸುಭಾಸ ಎರಡೂ ಕೋಷ್ಟಕಗಳನ್ನು ಅಕ್ಕಪಕ್ಕ ಹಿಡಿದ. “ಹೋದ ವಾರ ಯಾರೂ ಏನೂ ಮಾಡಿಲ್ಲ ಅಂದ್ರಿ. ಇವತ್ತ ಎಲ್ಲಾ ಅವರಽ ಮಾಡ್ಯಾರ ಅಂತೀರಿ. ಅದಽ ಮಂದಿ, ಅದಽ ಮಿಲ್ಲು. ಯಾವುದನ್ನ ನಂಬೂದ್ರಿ? ತಮಗ ಹೊಳೆದದ್ದನ್ನ ತಮ್ಮದು ಅಂತ ಹೇಳದ ಮಂದಿ ಎಲ್ಲ್ಯರ ಇರ್ತಾರೇನು?”

ನನ್ನ ಹತ್ತಿರ ಉತ್ತರವಿತ್ತು. ಹತ್ತಾರು ಪುಸ್ತಕಗಳಿಂದ ತೆಗೆದ ಉತ್ತರ, ಪ್ರಶ್ನೆ ಕೇಳುವ ರೀತಿ ಬದಲಾದರೆ ಅಳತೆಯೂ ಬದಲಾಗುತ್ತದೆ ಎಂಬುದು. ಹೇಳಿದೆ. ಅವನ ಮುಖ ಬದಲಾಗಲಿಲ್ಲ. ಕೈ ಚಾವಿಯ ಮೇಲೇ ಇತ್ತು.

“ಆತು. ಈ ಹೊಸಾ ಪ್ರಶ್ನಿ ಯಾರ ವಿಚಾರ?” ಎಂದ.

“ನಮ್ಮ ಕಾಶಿನಾಥ ಸರ್ ಅವರದ್ರಿ,” ಎಂದೆ.

ಯೋಚಿಸಿ ಹೇಳಿದ್ದಲ್ಲ. ಉಸಿರಾಡಿದಷ್ಟು ಸಲೀಸಾಗಿ ಬಂದುಬಿಟ್ಟಿತು. ಮೂಲೆಯ ಕುರ್ಚಿಯಿಂದ ಕುಬೇರಪ್ಪನವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ನಿಮ್ಮ ಸರ್‌ಗೆ ಗೊತ್ತೈತೇನವಾ?”

ಪ್ರಶ್ನೆಯಷ್ಟೇ ಅಲ್ಲ, ನನ್ನ ಸಂಶೋಧನೆಯ ವಿಷಯವನ್ನೂ ಸರ್ ಸೂಚಿಸಿರಲಿಲ್ಲ. ಬ್ಯಾಂಕುಗಳ ಮೇಲೆ ಮಾಡು ಎಂದಿದ್ದರು. ಮಿಲ್ಲುಗಳ ಮೇಲೆ ಮಾಡುತ್ತೇನೆ ಎಂದು ಹಟ ಹಿಡಿದವಳು ನಾನು. ಮೊದಲ ಪುಟದಲ್ಲಿ ಬರೆದದ್ದು ಮಾತ್ರ ಅವರ ಹೆಸರು. ಇಡೀ ಮಿಲ್ಲಿನಲ್ಲಿ ನನಗೆ ಕಾಣದೆ ಹೋದದ್ದು ನನ್ನ ಬಾಯಲ್ಲೇ ಕೂತಿತ್ತು.

“ಇನ್ನೂ ಗೊತ್ತಿಲ್ರಿ,” ಎಂದೆ.

ಬಾಗಿಲ ಬಳಿ ಮೀರಾಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸುಭಾಸ ನನ್ನನ್ನು ನೋಡಿದ, ಅಪ್ಪನನ್ನು ನೋಡಿದ, ಕೈಯಲ್ಲಿದ್ದ ಎರಡು ಕೋಷ್ಟಕಗಳನ್ನು ಮತ್ತೊಮ್ಮೆ ನೋಡಿದ. ಮೊದಲನೆಯದನ್ನು ಮಡಚಿ ಬದಿಗಿಟ್ಟ. ಆಮೇಲೆ ಚಾವಿಯನ್ನು ಅಪ್ಪನ ಕಡೆಗೆ ಸರಿಸಿದ.

ಕುಬೇರಪ್ಪನವರು ಅದನ್ನು ಮುಟ್ಟಲಿಲ್ಲ. “ನನಗ ಯಾಕ ಕೊಡ್ತಿ? ಮಿರ್ಚಿ ಹಿಟ್ಟು ಮಾಡಿದಾಕಿ ಅಲ್ಲಿ ನಿಂತಾಳ.”

ಸುಭಾಸ ಎದ್ದು ಹೋಗಿ ಚಾವಿಯನ್ನು ಮೀರಾಬಿಯ ಕೈಗೆ ಕೊಟ್ಟ. ಆಕೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, “ಉಪ್ಪು ಒಂದ್ಚೂರು ಕಮ್ಮಿ ಮಾಡ್ಬೇಕು” ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಹೊರಟುಹೋದಳು.

ನಾನು ಮಿಲ್ಲಿನ ಗೇಟಿಗೆ ಬಂದು ಸರ್‌ಗೆ ಫೋನ್ ಹಚ್ಚಿದೆ. ಅವರು ಎತ್ತಿದರು.

“ಸರ್,” ಎಂದೆ, “ಒಂದು ಪ್ರಶ್ನಿ ಬದಲಿ ಮಾಡೀನ್ರಿ. ವಿಚಾರ ನಂದು.”