ಹುಲಿಗೆವ್ವನ ಮನೆಯ ಸಿಡಿಲುಕಲ್ಲು

ನಾನು ಒಂದು ಕಲ್ಲು. ದಾರಿಯಲ್ಲಿ ಎಡವುವಂಥ ಕಲ್ಲು ಎಂದು ಮಾತ್ರ ದಯವಿಟ್ಟು ತಿಳಿಯಬೇಡಿ, ನನಗೆ ಸಿಟ್ಟು ಬರುತ್ತದೆ. ನಾನು ಕೊಡಲಿ. ಕಬ್ಬಿಣದ ಹೆಸರನ್ನೇ ಜನ ಕೇಳಿರದ ಕಾಲದ ಕರಿಕಲ್ಲಿನ ಕೊಡಲಿ. ಅಂಗೈಯಷ್ಟು ಉದ್ದ ಇದ್ದೇನೆ, ಒಂದು ತುದಿ ಮೊಂಡು, ಇನ್ನೊಂದು ತುದಿಯಲ್ಲಿ ಅರ್ಧಚಂದ್ರದಂಥ ಬಾಯಿ. ನನಗೆ ನಾಲ್ಕು ಸಾವಿರ ವರ್ಷ ದಾಟಿದೆ ಎಂದು ಈಚೆಗೆ ಒಬ್ಬರು ಹೇಳಿದರು. ಇರಬಹುದು, ನಾನಂತೂ ಎಣಿಸಿಟ್ಟಿಲ್ಲ.

ನಾನು ಹುಟ್ಟಿದ್ದು ಕಾಗೆಗುಡ್ಡದಲ್ಲಿ. ಕೆಂಪು ಬಂಡೆಗಳ ಆ ಗುಡ್ಡದ ನಡುವೆ ಕರಿಕಲ್ಲಿನದೊಂದು ಪಟ್ಟೆ ತಲೆಯ ಬೈತಲೆಯ ಹಾಗೆ ಮೇಲಿಂದ ಕೆಳಗಿನವರೆಗೆ ಓಡುತ್ತದೆ. ನನ್ನನ್ನು ಒಡೆದು ತೆಗೆದವನಿಗೆ ಎಡಗೈಯಲ್ಲಿ ಮೂರೇ ಬೆರಳು, ಉಳಿದ ಎರಡನ್ನು ಇದೇ ಕೆಲಸ ತಿಂದಿತ್ತು. ಅಲ್ಲಿ ಹುಟ್ಟುವ ಕೊಡಲಿಗಳಲ್ಲಿ ಅರ್ಧಕ್ಕರ್ಧ ಹುಟ್ಟುವಾಗಲೇ ಮುರಿದುಹೋಗುತ್ತಿದ್ದವು. ನಾನು ಉಳಿದೆ. ಅವನ ಹೆಂಡತಿ ನನ್ನನ್ನು ಬಂಡೆಯ ತೋಡಿನಲ್ಲಿಟ್ಟು, ಮರಳು ನೀರು ಹಾಕಿ, ಹದಿನಾಲ್ಕು ದಿನ ತಿಕ್ಕಿದಳು. ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡೇ ತಿಕ್ಕುತ್ತಿದ್ದಳು. ನನಗೆ ಈ ನುಣುಪು ಬಂದದ್ದು ಆ ತಾಯಿಯಿಂದ.

ಆಮೇಲೆ ಒಂದು ಕರುವಿಗೆ ಬದಲಾಗಿ ನಾಲ್ಕು ದಿನದ ದಾರಿ ನಡೆದು ಹಗರಿ ಹಳ್ಳದ ಕಡೆಗೆ ಹೋದೆ. ದನ ಸಾಕುವ ಜನ ಅವರು. ಅವರಿಗಾಗಿ ಗೂಟ ಕಡಿದೆ, ಬೇಲಿಗೆ ಜಾಲಿ ಕಡಿದೆ, ತಂದೆಯ ಕೈಯಿಂದ ಮಗನ ಕೈಗೆ, ಮಗನಿಂದ ಅಳಿಯನ ಕೈಗೆ ಹೋದೆ. ಕೊನೆಗೆ ಒಂದು ಮಳೆಗಾಲದಲ್ಲಿ ಮರದ ಹಿಡಿ ಸಡಿಲಾಗಿ ಕೆಸರಿಗೆ ಬಿದ್ದೆ. ಅವರು ಎರಡು ದಿನ ಹುಡುಕಿದರು. ನಾನು ಇಲ್ಲೇ ಇದ್ದೇನೆ ಎಂದು ಕೂಗಿ ಹೇಳಲು ನನಗೆ ಬಾಯಿ ಇದ್ದೂ ಇಲ್ಲ. ಮಣ್ಣು ಮುಚ್ಚಿತು, ನಾನು ಮಲಗಿದೆ.

ನನ್ನನ್ನು ಎಬ್ಬಿಸಿದವನು ಜಡೆಪ್ಪ, ಮುದ್ದನಹಾಳಿನ ಕುರಿಗಾಹಿ. ವೈಶಾಖದ ಒಂದು ಸಂಜೆ ದೊಡ್ಡ ಮಳೆ ಹೊಡೆದು ದಿಬ್ಬದ ಮಣ್ಣು ಕೊಚ್ಚಿಹೋಯಿತು, ನನ್ನ ಬೆನ್ನು ಹೊರಗೆ ಕಂಡಿತು. ಜಡೆಪ್ಪ ಎರಡು ಮರಿಗಳನ್ನು ಕಂಬಳಿಯೊಳಗೆ ಹಾಕಿಕೊಂಡು ಅಲ್ಲಿದ್ದ ಒಂಟಿ ಜಾಲಿಮರದ ಕೆಳಗೆ ನಿಂತಿದ್ದ. ಬಗ್ಗಿ ನನ್ನನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಒರೆಸಿದ.

"ಯಾರೋ ಬಾಳ ಚಂದ ತಿಕ್ಯಾರ ನೋಡು," ಎಂದ. ಮರಿಗಳಿಗೆ ಹೇಳಿದನೋ ನನಗೆ ಹೇಳಿದನೋ ತಿಳಿಯದು. ಅಷ್ಟು ಸಾವಿರ ವರ್ಷದಲ್ಲಿ ನನ್ನನ್ನು ಕಂಡು ಖುಷಿಪಟ್ಟ ಮೊದಲ ಮನುಷ್ಯ ಅವನು. ಅವನ ಕೈ ಬೆಚ್ಚಗಿತ್ತು. ಅಷ್ಟರಲ್ಲಿ ಸಿಡಿಲು ಹೊಡೆಯಿತು.

ಮರುದಿನ ಜನ ಬಂದಾಗ ನಾನು ಅವನ ಮುಷ್ಟಿಯಲ್ಲಿದ್ದೆ. ನಮ್ಮ ಕಡೆ ಒಂದು ನಂಬಿಕೆ ಇದೆ: ಸಿಡಿಲು ಎಂದರೆ ಮುಗಿಲಿಂದ ಬೀಳುವ ಕಲ್ಲು, ಕರ್ರಗೆ, ನುಣ್ಣಗೆ, ಬಾಯಿ ಚೂಪಾಗಿ ಇರುತ್ತದೆ. ಹೊಲದಲ್ಲಿ ಅಲ್ಲೊಂದು ಇಲ್ಲೊಂದು ನನ್ನಂಥವರು ಸಿಕ್ಕಿದಾಗಲೆಲ್ಲ ಜನ ಹಾಗೆಯೇ ಅಂದುಕೊಂಡು ಕೈ ಮುಗಿಯುತ್ತಾರೆ. ಈಗ ನಾನು ಸತ್ತವನ ಕೈಯಲ್ಲೇ ಸಿಕ್ಕಿದ್ದೆ, ಇನ್ನು ಸಾಕ್ಷಿ ಯಾಕೆ? ಕೊಲೆಗಾರ ಎಂದು ನನಗೆ ಹೆಸರು ಬಂತು.

ಊರ ಪೂಜಾರಿ ಜಡೆಪ್ಪನ ಹೆಂಡತಿ ಹುಲಿಗೆವ್ವನಿಗೆ, ಅವಳೊಬ್ಬಳಿಗೇ ಕೇಳುವಂತೆ, ಹೇಳಿದ: "ಇದನ್ನ ಎಲ್ಲೂ ಒಗೀಬ್ಯಾಡವ್ವ. ಒಗದ್ರ ಇನ್ನೊಬ್ಬರ ಮ್ಯಾಲೆ ಬೀಳತೈತಿ. ಮನ್ಯಾಗ ಇಟ್ಟು ತಣ್ಣಗ ಮಾಡು. ಅಮಾಸಿಗೊಮ್ಮೆ ಎಣ್ಣಿ ಸಿಂಧೂರ ಹಚ್ಚು."

ಗಂಡನನ್ನು ಕೊಂದ ಕಲ್ಲನ್ನು ಮನೆಗೆ ತಂದು ಸಾಕುವುದು! ಆದರೂ ಅವಳು ತಂದಳು. ನಡುಮನೆಯ ಗೂಡಿನಲ್ಲಿ ಕೂರಿಸಿ, ಮೇಲೆ ಒಂದು ಹಿತ್ತಾಳೆ ಕೊಳಗ ಬೋರಲು ಹಾಕಿದಳು. ಆಗ ಅವಳಿಗೆ ಇಪ್ಪತ್ತೇಳು, ಮಗಳು ಗಾಳೆಮ್ಮನಿಗೆ ಆರು. ಊರಿನ ಮೇಲೆ ಮತ್ತೆ ಸಿಡಿಲು ಬೀಳದಂತೆ ನನ್ನನ್ನು ಕಾಯುವ ಕೆಲಸ ಅವಳ ಪಾಲಿಗೆ ಬಂತು. ಹದಿನೆಂಟು ವರ್ಷ ಅವಳು ಒಂದು ರಾತ್ರಿಯೂ ಮನೆ ಬಿಟ್ಟು ಮಲಗಲಿಲ್ಲ. ಜಾತ್ರೆಗಿಲ್ಲ, ಮದುವೆಗಿಲ್ಲ, ತಮ್ಮ ಸತ್ತಾಗ ಹೋದವಳು ಮಣ್ಣು ಮುಗಿಸಿ ಸಂಜೆಯ ಬಸ್ಸಿಗೇ ಓಡಿಬಂದಳು. ಅಮಾವಾಸ್ಯೆಗೊಮ್ಮೆ ಬಾಗಿಲು ಹಾಕಿಕೊಂಡು ಕೊಳಗ ತೆಗೆಯುತ್ತಿದ್ದಳು. ಕುಂಕುಮ ಬಿಟ್ಟ ಹೆಂಗಸು ಸಿಂಧೂರ ಮುಟ್ಟುವುದು ಕಂಡರೆ ಓಣಿಯ ಬಾಯಿ ಸುಮ್ಮನಿರುತ್ತದೆಯೇ? ಅದಕ್ಕೇ ಕದ್ದುಮುಚ್ಚಿ. ಬೆಳಗಾಗುವುದರೊಳಗೆ ಒರೆಸಿಯೂ ಬಿಡುತ್ತಿದ್ದಳು. ಹಚ್ಚುತ್ತಾ ಬಯ್ಯುತ್ತಿದ್ದಳು. "ನಿನ್ನ ಬಾಯಿ ಸೇದಿಹೋಗ. ಅವರು ನಿನಗೇನ್ ಮಾಡಿದ್ರೋ?" ಎಂದು ಕೇಳುತ್ತಿದ್ದಳು. ನನಗೆ ಅವಳ ಮೇಲೆ ಒಂದು ದಿನವೂ ಸಿಟ್ಟು ಬರಲಿಲ್ಲ. ಬೇಜಾರು ಮಾತ್ರ ಆಗುತ್ತಿತ್ತು, ಬಹಳ ಆಗುತ್ತಿತ್ತು.

ಗಾಳೆಮ್ಮನ ಮದುವೆಯಾಯಿತು. ಚೊಚ್ಚಲ ಬಸುರಿಗೆ ಹೆರಿಗೆ ತವರಿನಲ್ಲಿ ಆಗಬೇಕಲ್ಲ, ಹುಲಿಗೆವ್ವ ಬಾಣಂತಿಯ ಕೋಣೆ ಸಾರಿಸಿ, ಒಣಶುಂಠಿ, ಅಳವಿಬೀಜ ತಂದಿಟ್ಟು ಕಾದಳು. ಬೀಗತಿ ತಾಯವ್ವ ಕಳಿಸಲಿಲ್ಲ. "ಸಿಡಿಲುಕಲ್ಲು ಇಟ್ಟ ಮನಿಗೆ ಬಸುರಿ ಬಾಣಂತೀನ ಹೆಂಗ ಕಳಸ್ಲಿ?" ಎಂದಳಂತೆ. ಅವಳನ್ನೂ ಬಯ್ಯುವಂತಿಲ್ಲ, ಅವಳ ಹೆದರಿಕೆ ಅವಳಿಗೆ. ಇತ್ತ ಹುಲಿಗೆವ್ವ ನನ್ನನ್ನು ಬಿಟ್ಟು ಅಲ್ಲಿಗೆ ಹೋಗಿ ಇರುವಂತೆಯೂ ಇಲ್ಲ. ಮೊಮ್ಮಗನನ್ನು ಅವಳು ನೋಡಿದ್ದು ಮೂರು ತಿಂಗಳಾದ ಮೇಲೆ, ಎರಡು ಬಸ್ಸಿನ ನಡುವೆ ಸಿಕ್ಕ ಒಂದು ತಾಸು. ಬಂದು ಕೊಳಗದ ಮುಂದೆ ಕುಳಿತು ಅತ್ತಳು. ಆವತ್ತು ಬಯ್ಯಲೂ ಇಲ್ಲ.

ನಡುವೆ ಒಬ್ಬ ಪಂಡಿತರು ನನ್ನ ಸುದ್ದಿ ಕೇಳಿ ಬಂದಿದ್ದರು. ನನ್ನನ್ನು ತಿರುವಿ ತಿರುವಿ ನೋಡಿ, ಇದು ಎಲ್ಲಿಯ ಕಲ್ಲೆಂದು ತಿಳಿಯಬೇಕಾದರೆ ಉಗುರಗಲ ಕೊಯ್ದು ಒಂದು ಹೋಳು ತೆಗೆಯಬೇಕು ಎಂದರು.

"ಕೊಯ್ದ್ರ ಎರಡಾಗತಾವ್ರಿ," ಎಂದಳು ಹುಲಿಗೆವ್ವ. "ಒಂದನ್ನ ಕಾಯೋದ್ರಾಗ ನನ್ನ ಜೀವ ಹಣ್ಣಾಗೈತಿ." ಪಂಡಿತರು ಚಹಾ ಕುಡಿದು ಹೋದರು. ಕೊಯ್ಯುವ ಮಾತು ಕೇಳಿದಾಗ ನನ್ನ ಎದೆಯೂ ಧಸಕ್ಕೆಂದಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಗಾಳೆಮ್ಮ ಎರಡನೆಯ ಸಲ ಬಸುರಿಯಾಗಿ ಏಳು ತಿಂಗಳಾಗಿದ್ದಾಗ ನಸೀಮಾ ಮೇಡಂ ಬಂದರು. ಬಳ್ಳಾರಿಯವರು, ಕಲ್ಲುಗಳ ಜಾಡು ಹಿಡಿಯುವುದು ಅವರ ಕೆಲಸ. ಸುತ್ತಿನ ಒಂಬತ್ತು ಗುಡ್ಡಗಳ ಕರಿಕಲ್ಲು ಹೆಕ್ಕಿ, ಯಾವುದರಲ್ಲಿ ಏನೇನು ಎಷ್ಟೆಷ್ಟು ಬೆರೆತಿದೆ ಎಂದು ಪಟ್ಟಿ ಮಾಡಿಕೊಂಡಿದ್ದರು. ಕೊಡಲಿ ಸಿಕ್ಕಲ್ಲೆಲ್ಲ ಹೋಗಿ, ಇದು ಯಾವ ಗುಡ್ಡದ ಕೂಸು ಎಂದು ತಾಳೆ ನೋಡುತ್ತಿದ್ದರು.

"ಕೊಯ್ಯಂಗಿಲ್ರೀ," ಎಂದು ಹುಲಿಗೆವ್ವ ಬಾಗಿಲಲ್ಲೇ ಹೇಳಿದಳು.

"ಕೊಯ್ಯಲ್ಲಮ್ಮಾ. ಗೀರು ಸಹ ಬೀಳಲ್ಲ. ಎಕ್ಸ್‌ರೇ ತೆಗಸ್ತಾರಲ್ಲ, ಆ ಥರ," ಎಂದರು ಮೇಡಂ.

ಹುಲಿಗೆವ್ವ ಬಾಗಿಲು ಬಿಟ್ಟು ಸರಿದು ಹೇಳಿದಳು: "ಇದು ಮುಗಿಲಿಂದ ಬಂದದ್ದೋ ನೆಲದಾಗಿಂದೋ, ಅಷ್ಟು ಹೇಳ್ರಿ ಸಾಕು. ನನ್ನ ಮಗಳು ತವರಿಗೆ ಬರೋದು ಅದರ ಮ್ಯಾಲೈತಿ." ಹದಿನೆಂಟು ವರ್ಷದ ಕಥೆಯನ್ನೂ ಹೇಳಿದಳು, ಸಿಂಧೂರದ ಸುದ್ದಿಯೊಂದನ್ನು ಬಿಟ್ಟು.

ಮೇಡಂ ಅವಳನ್ನು ದೂರ ನಿಲ್ಲಿಸಿ, ಪಿಸ್ತೂಲಿನ ಆಕಾರದ ಯಂತ್ರದ ಮೂತಿಯನ್ನು ನನ್ನ ಬೆನ್ನಿಗೆ ಆನಿಸಿದರು. ಕಣ್ಣಿಗೆ ಕಾಣದ ಕಿರಣ ಅದು. ನೋವಿಲ್ಲ, ಬಿಸಿಯೂ ಇಲ್ಲ. ಅದು ತಾಗಿದಾಗ ಒಳಗಿರುವ ಒಂದೊಂದು ಧಾತುವೂ ತನ್ನದೇ ಬೆಳಕಿನಲ್ಲಿ ಓಗೊಡುತ್ತದಂತೆ, ಹಾಜರಿ ಕರೆದಾಗ ಮಕ್ಕಳು ಎದ್ದು ನಿಂತ ಹಾಗೆ. ಹೇಳಿ, ಹೇಳಿ ಎಂದು ನನ್ನೊಳಗಿನ ಕಬ್ಬಿಣವನ್ನೂ ಟೈಟಾನಿಯಮ್ಮನ್ನೂ ನಾನು ಹುರಿದುಂಬಿಸಿದೆ.

ಮೇಡಂ ಪರದೆ ನೋಡಿ ಹುಬ್ಬು ಗಂಟಿಕ್ಕಿದರು. "ಇದೇನಿದು, ಇಷ್ಟೊಂದು ಸೀಸ! ನಮ್ಮ ಒಂಬತ್ತು ಗುಡ್ಡದಲ್ಲಿ ಯಾವುದಕ್ಕೂ ಹೊಂದ್ತಿಲ್ಲ."

"ನಂಗೊತ್ತಿತ್ತು," ಎಂದಳು ಹುಲಿಗೆವ್ವ. ದನಿ ಸತ್ತುಹೋಗಿತ್ತು. "ಯಾವ ಗುಡ್ಡದ್ದೂ ಅಲ್ಲಂದ್ರ ಮುಗಿಲಿಂದ. ಬಿಡ್ರಿ." ಕೊಳಗಕ್ಕೆ ಕೈ ಹಾಕಿದಳು.

"ಅಮ್ಮಾ, ನನ್ನ ಕಣ್ಣಿಗೆ ಇದು ಕೊಡಲಿನೇ, ಆದರೆ ಯಾವ ಗುಡ್ಡದ್ದು ಅಂತ ತೋರಿಸಬೇಕಲ್ಲ. ಇದಕ್ಕೆ ಏನಾದರೂ ಹಚ್ಚುತ್ತೀರಾ?"

"ಏನೂ ಇಲ್ರಿ." ಕಣ್ಣು ನೆಲದ ಮೇಲಿತ್ತು.

ಅಯ್ಯೋ ಪುಣ್ಯಾತ್ಗಿತ್ತಿ, ಹೇಳೇ! ಸಿಂಧೂರದಲ್ಲಿ ಸೀಸ ಇರುತ್ತದೆ ಎಂದು ಅವಳಿಗೆ ಹೇಗೆ ತಿಳಿಯಬೇಕು? ಹದಿನೆಂಟು ವರ್ಷದ ಎಣ್ಣೆ ಸಿಂಧೂರ ಕಪ್ಪು ಜಿಡ್ಡಾಗಿ ನನ್ನ ಮೈಗೆ ಹತ್ತಿತ್ತು, ಯಂತ್ರ ಅದನ್ನೇ ನಾನೆಂದು ಓದಿತ್ತು. ಹಚ್ಚಿದ್ದನ್ನು ಒಪ್ಪಿಕೊಂಡರೆ ಓಣಿಯಲ್ಲಿ ಮಾನ ಹೋಗುತ್ತದೆ ಎಂದು ಅವಳು ಬಾಯಿ ಕಟ್ಟಿಕೊಂಡು ಕೂತಿದ್ದಳು. ನಾನು ಕಲ್ಲಾಗಿ ಹುಟ್ಟಿದ್ದಕ್ಕೆ ನೊಂದುಕೊಂಡದ್ದು ಅದೊಂದೇ ದಿನ.

ಮೇಡಂ ಪೆಟ್ಟಿಗೆ ಮುಚ್ಚಿದರು. ಚಹಾ ಬಂತು. ಹುಲಿಗೆವ್ವ ಲೋಟ ಅವರ ಕೈಗೆ ಕೊಡುವಾಗ ಸ್ವಲ್ಪ ಚೆಲ್ಲಿತು. ಅವಳು ಒರೆಸಲು ಬಗ್ಗಿದವಳು ಮೇಲೇಳಲೇ ಇಲ್ಲ, ಅಲ್ಲೇ ಕುಳಿತಳು.

"ಹಚ್ತೀನ್ರಿ," ಎಂದಳು. "ಸಿಂಧೂರ ಹಚ್ತೀನಿ. ಅಮಾಸಿಗೊಮ್ಮೆ, ಬಾಗಿಲಾ ಹಾಕ್ಕೊಂಡು. ಗಂಡ ಇಲ್ದಾಕಿ ನಾನು, ಯಾರಿಗಂತ ಹೇಳ್ಲಿ?" ಮುಖಕ್ಕೆ ಸೆರಗು ಒತ್ತಿಕೊಂಡಳು.

ನಸೀಮಾ ಮೇಡಂ ಲೋಟ ಕೆಳಗಿಟ್ಟು ಅವಳ ಪಕ್ಕದಲ್ಲೇ ನೆಲದ ಮೇಲೆ ಕುಳಿತರು. "ನಾನು ಯಾರಿಗೂ ಹೇಳಲ್ಲ. ನನ್ನ ವಹಿಯಲ್ಲಿ ಬರೀ ಎಣ್ಣೆ ಜಿಡ್ಡು ಅಂತ ಬರೀತೀನಿ. ಇದಕ್ಕೊಂದು ಸ್ನಾನ ಮಾಡಿಸೋಣವಾ?"

"ನಾನೇ ಮಾಡಸ್ತೀನಿ."

ಬಿಸಿನೀರು, ಅಂಟುವಾಳದ ನೊರೆ, ಮೆತ್ತನೆಯ ಬಟ್ಟೆ. ಹಿತ್ತಲಲ್ಲಿ ನನ್ನನ್ನು ಮಡಿಲಲ್ಲಿಟ್ಟುಕೊಂಡು ತಿಕ್ಕಿದಳು. ನೀರು ಮೊದಲು ಕರ್ರಗೆ ಹರಿಯಿತು, ಆಮೇಲೆ ಕೆಂಪಗೆ, ಎಷ್ಟು ಹೊತ್ತು ಕಳೆದರೂ ಕೆಂಪಗೆ. ಮೇಡಂ ಎರಡು ಸಲ ಸಾಕೆಂದರೂ ಅವಳು ಕೇಳಲಿಲ್ಲ. ಅವಳ ಬೆರಳು ನನ್ನ ಬಾಯಂಚಿನ ಮೇಲೆ ಓಡಾಡುತ್ತಾ ನಿಧಾನವಾಯಿತು. ಅಲ್ಲಿ ಮರಳಿನಿಂದ ತಿಕ್ಕಿದ ಸಣ್ಣ ಗೆರೆಗಳಿವೆ, ಎಲ್ಲವೂ ಒಂದೇ ದಿಕ್ಕಿಗೆ. ರಾಗಿ ಬೀಸಿದವಳಿಗೆ ಕಲ್ಲಿನ ಮೇಲೆ ಕೈ ಓಡಿದ ಗುರುತು ತಿಳಿಯದೇ?

ಒಣಗಿದ ಮೇಲೆ ಯಂತ್ರದ ಮೂತಿ ಮತ್ತೆ ನನಗೆ ತಾಗಿತು. ಬೆನ್ನು, ಹೊಟ್ಟೆ, ಪಕ್ಕೆ ಎಂದು ಮೂರು ಕಡೆ. ಹುಲಿಗೆವ್ವ ಕಂಬ ಹಿಡಿದು ನಿಂತಿದ್ದಳು. ಮೇಡಂ ಪಟ್ಟಿಯ ಸಾಲುಗಳ ಮೇಲೆ ಬೆರಳಿಟ್ಟು ಓದುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದರು.

"ಕಾಗೆಗುಡ್ಡ," ಎಂದರು. "ಮೂರಕ್ಕೆ ಮೂರೂ ಹೊಂದ್ತವೆ. ಅಮ್ಮಾ, ಇದು ನೆಲದ್ದು. ಮನುಷ್ಯರು ಒಡೆದು, ತಿಕ್ಕಿ ಮಾಡಿದ ಕೊಡಲಿ. ಮುಗಿಲಿಗೂ ಇದಕ್ಕೂ ಸಂಬಂಧ ಇಲ್ಲ."

ಕಾಗೆಗುಡ್ಡ! ಅಷ್ಟು ಸಾವಿರ ವರ್ಷದ ಮೇಲೆ ನನ್ನ ತವರಿನ ಹೆಸರು ಕೇಳಿದೆ. ಯಾರೋ ಚಂದ ತಿಕ್ಕಿದ್ದಾರೆ ಎಂದು ಜಡೆಪ್ಪ ಬರೀ ಹೆಬ್ಬೆರಳಿನಿಂದ ಕಂಡದ್ದೂ ಇದನ್ನೇ. ಆದರೆ ಆ ಮಾತು ಯಾವ ಯಂತ್ರಕ್ಕೂ ಕಾಣುವುದಿಲ್ಲ. ಅವನು ಸಾಯುವ ಮುಂಚೆ ಖುಷಿಯಾಗಿದ್ದ ಎಂಬುದು ನನ್ನೊಬ್ಬನಿಗೆ ಗೊತ್ತು, ನಾನು ಅವಳಿಗೆ ಹೇಳಲಾರೆ.

ಹುಲಿಗೆವ್ವ ನಗಲಿಲ್ಲ. ಕಂಬ ಬಿಟ್ಟು ಬಂದು ಕೇಳಿದಳು: "ಹಂಗಾರ ಅವರನ್ನ ಕೊಂದವರ್ಯಾರು?"

"ಯಾರೂ ಅಲ್ಲಮ್ಮಾ. ಸಿಡಿಲು ಕಲ್ಲಲ್ಲ, ಕರೆಂಟಿನ ಥರ. ಎತ್ತರಕ್ಕೆ ಏನು ಸಿಗುತ್ತೋ ಅದಕ್ಕೆ ಹೊಡೆಯುತ್ತೆ. ಅಲ್ಲಿ ಒಂಟಿ ಮರ ಇತ್ತು."

"ಯಾರೂ ಅಲ್ಲ," ಎಂದು ಅವಳು ತಿರುಗಿ ಹೇಳಿದಳು. ಆಮೇಲೆ ಅತ್ತಳು, ಜಡೆಪ್ಪ ಸತ್ತ ದಿನ ಅತ್ತಂತೆ. ಬಯ್ಯಲು ಇದ್ದ ಒಬ್ಬನೂ ಹೋದ ಮೇಲೆ ದುಃಖವೊಂದೇ ಉಳಿಯಿತು. ಅತ್ತು ಮುಗಿಸಿ ನನ್ನ ಕಡೆ ತಿರುಗಿ, "ನೋಡು, ಸುಮ್ಮಸುಮ್ಮನ ಎಷ್ಟು ಬೈಸಿಕೊಂಡಿ," ಎಂದಳು. ಆ ಸಂಜೆ ಕೊಳಗ ನನ್ನ ಮೇಲೆ ಬೀಳಲಿಲ್ಲ. ಅದರಲ್ಲಿ ನೀರು ಕಾಯಿಸಿದಳು.

ಮೇಡಂ ಬರೆದುಕೊಟ್ಟ ಕಾಗದ ಹಿಡಿದು ಹುಲಿಗೆವ್ವ ತಾನೇ ಬೀಗರ ಊರಿಗೆ ಹೋದಳು, ಎರಡು ರಾತ್ರಿ ಉಳಿದೂ ಬಂದಳು. ತಾಯವ್ವ ಕಾಗದವನ್ನು ಮೂರು ಜನರ ಕೈಲಿ ಓದಿಸಿದಳಂತೆ, ಆದರೂ ಅರೆಮನಸ್ಸಿನಿಂದಲೇ ಸೊಸೆಯನ್ನು ಕಳಿಸಿದಳು. ಗಾಳೆಮ್ಮ ತುಂಬು ಬಸುರಿಯಾಗಿ ಮನೆಯೊಳಗೆ ಬಂದವಳು ನನ್ನನ್ನು ಕಂಡು ಗೋಡೆಗೆ ಸರಿದು ನಿಂತಳು. ಚಿಕ್ಕಂದಿನಿಂದ ಹೆದರಿಸಿಕೊಂಡು ಬೆಳೆದದ್ದು ಒಂದು ಕಾಗದಕ್ಕೆ ಹೋಗುವುದಿಲ್ಲ. ಸಾರಿಸಿದ ಕೋಣೆಯಲ್ಲಿ, ತಾಯಿಯ ಕೈಯ ಅಡುಗೆ ಉಂಡು, ಹದಿನೇಳನೆಯ ದಿನಕ್ಕೆ ಹೆಣ್ಣು ಹೆತ್ತಳು.

ತೊಟ್ಟಿಲು ಹಾಕುವ ದಿನ ಬೀಗರೆಲ್ಲ ಬಂದರು. ನಮ್ಮ ಪದ್ಧತಿಯಲ್ಲಿ ಕೂಸನ್ನು ಮಲಗಿಸುವ ಮೊದಲು ಒಂದು ಗುಂಡುಕಲ್ಲಿಗೆ ನೀರೆರೆದು, ಕಾಡಿಗೆ ಹಚ್ಚಿ, ತಲೆಗೆ ಕುಲಾವಿ ತೊಡಿಸಿ ತೊಟ್ಟಿಲಲ್ಲಿ ಮಲಗಿಸುತ್ತಾರೆ. ಕೂಸು ಕಲ್ಲಿನಂತೆ ಗಟ್ಟಿಯಾಗಲಿ, ಅದಕ್ಕೆ ಬರುವ ಕೇಡೆಲ್ಲ ಕಲ್ಲಿಗೆ ಹೋಗಲಿ ಎಂದು. ನಾನು ಗೂಡಿನಿಂದ ನೋಡುತ್ತಿದ್ದೆ. ತಾಯವ್ವ ಅಡುಗೆಮನೆಯ ಗುಂಡುಕಲ್ಲು ಎತ್ತಿಕೊಂಡು ಬಂದಳು.

"ಅದಲ್ಲ," ಎಂದಳು ಹುಲಿಗೆವ್ವ.

ಗೂಡಿಗೆ ಬಂದು ನನ್ನನ್ನು ಎತ್ತಿಕೊಂಡಳು. ಹೆಂಗಸರು ಹಿಂದಕ್ಕೆ ಸರಿದರು. ತಾಯವ್ವ ಬಾಯಿ ತೆರೆದವಳು ಸೊಸೆಯ ಕಡೆ ನೋಡಿದಳು, ಗಾಳೆಮ್ಮ ತಾಯಿಯ ಕಡೆ ನೋಡಿದಳು. ನೋಡಿ, ಮೆಲ್ಲನೆ ತಲೆಯಾಡಿಸಿದಳು. ಹುಲಿಗೆವ್ವ ನನಗೆ ಬಿಸಿನೀರು ಎರೆದು, ಕಾಡಿಗೆಯ ಬೊಟ್ಟಿಟ್ಟು, ಕೆಂಪು ಕುಲಾವಿ ಹಾಕಿ, ಎಲ್ಲರ ಕಣ್ಣೆದುರಿಗೆ ತೊಟ್ಟಿಲಲ್ಲಿ ಮಲಗಿಸಿ ಮೂರು ಸಲ ತೂಗಿದಳು. ನನ್ನನ್ನು ಯಾರೂ ಎಂದೂ ತೂಗಿರಲಿಲ್ಲ.

ಬಾಣಂತನ ಮುಗಿದ ಮೇಲೆ ನನ್ನನ್ನು ವಸ್ತುಸಂಗ್ರಹಾಲಯಕ್ಕೆ ಕೊಡುತ್ತೇನೆಂದು ಮೇಡಂಗೆ ಅವಳು ಮಾತು ಕೊಟ್ಟಿದ್ದಾಳೆ. ಗಾಜಿನ ಪೆಟ್ಟಿಗೆ, ಚೀಟಿಯ ಮೇಲೆ ಕಾಗೆಗುಡ್ಡ ಎಂಬ ಹೆಸರು. ಮುದುಕನಿಗೆ ಅದು ಒಳ್ಳೆಯ ಜಾಗವೇ, ಹೋಗುತ್ತೇನೆ. ಎಲ್ಲಿಂದ ಬಂದೆ ಎಂದು ತಿಳಿಯುವುದು ದೊಡ್ಡದು ಎಂದು ನಾನೂ ಅಂದುಕೊಂಡಿದ್ದೆ. ಎಲ್ಲಿ ಸೇರಿಸಿಕೊಂಡರು ಎಂಬುದು ಅದಕ್ಕಿಂತ ದೊಡ್ಡದಿರಬೇಕು.

ಅವತ್ತು ತೊಟ್ಟಿಲ ಮೇಲೆ ಬಗ್ಗಿ ಹುಲಿಗೆವ್ವ ನನ್ನ ಕಿವಿ ಇರಬೇಕಾದ ಕಡೆ ಬಾಯಿಟ್ಟು, "ಸಾಕು ಏಳಪ್ಪ, ನನ್ನ ಮೊಮ್ಮಗಳಿಗೆ ಜಾಗ ಬಿಡು," ಎಂದಳು. ನನ್ನನ್ನು ಎತ್ತಿಕೊಂಡಳು, ನಾನು ಮಲಗಿದ್ದ ಕುಳಿಯಲ್ಲೇ ಆ ಕೂಸನ್ನು ಮಲಗಿಸಿದಳು.