ಮೂರನೇ ಬೋಗಿಗೆ ದಿನಕ್ಕೊಂದು ಟಿಪ್ಸ್

ನಿವೃತ್ತಿಯಾದ ಮೇಲೆ ಮನುಷ್ಯ ತೆಪ್ಪಗಿರಬೇಕು ಎಂದು ಯಾರು ಹೇಳಿದರೋ, ಅವರ ಕೈಗೆ ಫೋನು ಬಂದಿರಲಿಲ್ಲ ಅಂತ ಕಾಣುತ್ತದೆ. ರಾಮಚಂದ್ರಪ್ಪನ ಕೈಯಲ್ಲಿ ಫೋನಿತ್ತು. ಬೆಳಿಗ್ಗೆ ಆರಕ್ಕೆ ಸರಿಯಾಗಿ ಕೊಟ್ಟಿಗೆಯ ಮುಂದಿನ ಕಲ್ಲಿನ ಮೇಲೆ ಕೂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಒಂದೊಂದೇ ಅಕ್ಷರ ಒತ್ತಿ ‘ಮೂರನೇ ಬೋಗಿ’ ಎಂಬ ವಾಟ್ಸಾಪ್ ಗುಂಪಿಗೆ ಅವನು ಆ ದಿನದ ಟಿಪ್ಸ್ ಕಳಿಸುತ್ತಿದ್ದ. ‘ಟಿಪ್ಸ್ ೨೧೪. ಫೋನ್ ಬಿಸಿಯಾದರೆ ಕವರ್ ತೆಗೆದು ನೆರಳಲ್ಲಿಡಿ. ಫ್ರಿಜ್ಜಿನಲ್ಲಿ ಇಡಬೇಡಿ.’ ‘ಟಿಪ್ಸ್ ೨೧೫. ಚಾರ್ಜ್ ಏರದಿದ್ದರೆ ಫೋನನ್ನೇ ಬೈಯಬೇಡಿ. ಆಫ್ ಮಾಡಿ, ವೈರು ಸಿಗಿಸುವ ತೂತಿನೊಳಗಿನ ಧೂಳನ್ನು ಹಲ್ಲುಕಡ್ಡಿಯಲ್ಲಿ ಮೆಲ್ಲಗೆ ತೆಗೆಯಿರಿ.’

ಅಷ್ಟು ಹೊತ್ತಿಗೆ ಅವನ ಹೆಂಡತಿ ಅನಸೂಯಮ್ಮ ಎರಡು ಹಸುವಿನ ಹಾಲು ಕರೆದು, ಡೇರಿಗೆ ಕ್ಯಾನು ಎತ್ತಿಕೊಂಡು ಹೊರಟಿರುತ್ತಿದ್ದಳು.

“ಆ ಫೋನಿಗೆ ಏಳೋ ಬುದ್ಧೀನ ಅಸುಗೊಂದಿಷ್ಟು ಏಳ್ಬಾರ್ದಾ? ಉಲ್ಲಾದ್ರೂ ಆಕಿ,” ಎನ್ನುತ್ತಿದ್ದಳು.

“ಆಕ್ತೀನಿ ಓಗಮ್ಮಿ,” ಎನ್ನುತ್ತಿದ್ದ ಅವನು. ಹಾಕುತ್ತಲೂ ಇದ್ದ. ಆದರೆ ಹುಲ್ಲು ಹಾಕಿದರೆ ಹಸು ತಿನ್ನುತ್ತದೆಯೇ ಹೊರತು, ‘ಏನಣ್ಣಾ ಇವತ್ತು ಲೇಟು?’ ಎಂದು ಕೇಳುವುದಿಲ್ಲವಲ್ಲ.

ಇಪ್ಪತ್ತೆರಡು ವರ್ಷ ರಾಮಚಂದ್ರಪ್ಪ ಬಂಗಾರಪೇಟೆಯಿಂದ ವೈಟ್‌ಫೀಲ್ಡಿಗೆ ರೈಲಿನಲ್ಲಿ ಓಡಾಡಿದವನು. ಅಲ್ಲೊಂದು ಕಾರ್ಖಾನೆಯಲ್ಲಿ ಫಿಟ್ಟರ್. ಕಾರ್ಖಾನೆಯಲ್ಲಿ ಅವನು ಬರೀ ಒಂದು ಟೋಕನ್ ನಂಬರು. ಮೂರನೇ ಬೋಗಿಯಲ್ಲಿ ಮಾತ್ರ ‘ಫೋನ್ ಡಾಕ್ಟ್ರು’. ಯಾರ ಫೋನು ನಿಧಾನವಾದರೂ, ಯಾರ ಅಕ್ಷರ ಸಣ್ಣದಾದರೂ, ಯಾರಿಗೆ ‘ನಿಮಗೆ ಬಹುಮಾನ ಬಂದಿದೆ, ಒಟಿಪಿ ಹೇಳಿ’ ಎಂದು ಕರೆ ಬಂದರೂ ಫೋನು ಕೈಯಿಂದ ಕೈಗೆ ದಾಟಿ ಅವನ ತೊಡೆಗೆ ಬರುತ್ತಿತ್ತು. ಟೇಕಲ್ ಸ್ಟೇಷನ್ ದಾಟುವಷ್ಟರಲ್ಲಿ ವಾಸಿಯಾಗಿ ವಾಪಸ್ಸು. ಮಾರಿಕುಪ್ಪದಿಂದ ತುಂಬಿಕೊಂಡು ಬರುವ ಆ ಗಾಡಿಯಲ್ಲಿ ಬಂಗಾರಪೇಟೆಯವರಿಗೆ ಸೀಟು ಸಿಗುವ ಮಾತೇ ಇರಲಿಲ್ಲ. ಅದಕ್ಕೂ ಮುಂಚಿನ ಕೋರಮಂಡಲ್ ಸ್ಟೇಷನ್ನಿನಲ್ಲಿ ಹತ್ತುತ್ತಿದ್ದ ಪೆರುಮಾಳ್ ಕಿಟಕಿಯ ಪಕ್ಕ ಟವೆಲ್ ಹಾಸಿ ಅವನಿಗೊಂದು ಜಾಗ ಹಿಡಿದಿಡುತ್ತಿದ್ದ.

ಪೆರುಮಾಳ್ ಎರಡು ವರ್ಷದ ಹಿಂದೆ ಎದೆನೋವು ಬಂದು ತೀರಿಕೊಂಡ. ರಾಮಚಂದ್ರಪ್ಪ ಕಳೆದ ನವೆಂಬರಿನಲ್ಲಿ ನಿವೃತ್ತನಾದ. ಬೀಳ್ಕೊಡುವ ದಿನ ಬೋಗಿಯಲ್ಲೇ ಶಾಲು ಹೊದಿಸಿದರು. ಗುಂಪಿನ ಅಡ್ಮಿನ್ ವೇಣು ಅವನನ್ನು ತಬ್ಬಿಕೊಂಡು, “ಅಣ್ಣಾ, ಆಯುಧಪೂಜೆಗೆ ಮಾತ್ರ ನೀವೇ ಬರ್ಬೇಕು. ಕುಂಬಳಕಾಯಿ ನಿಮ್ಮ ಕೈಯಲ್ಲೇ ಒಡೀಬೇಕು,” ಎಂದಿದ್ದ.

ಇದೊಂದು ಮಾತನ್ನು ರಾಮಚಂದ್ರಪ್ಪ ಹತ್ತು ತಿಂಗಳು ಜೋಪಾನ ಮಾಡಿಕೊಂಡಿದ್ದ. ಹಬ್ಬದ ಹಿಂದಿನ ಕೆಲಸದ ದಿನ ತಿಂಗಳ ಪಾಸಿನವರೆಲ್ಲ ಸೇರಿ ತಮ್ಮ ಬೋಗಿಗೆ ಪೂಜೆ ಮಾಡುತ್ತಾರೆ. ಬಾಗಿಲಿಗೆ ಬಾಳೆಕಂದು, ಕಿಟಕಿ ಸರಳಿಗೆಲ್ಲ ಚೆಂಡುಹೂವು, ಎಲ್ಲರ ಕೈಗೂ ಬೂಂದಿ, ಕಡಲೆಪುರಿ. ಬಂಗಾರಪೇಟೆಯ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ನಿಂತಾಗ ಬೂದುಗುಂಬಳ ಒಡೆಯುವುದು. ಹನ್ನೊಂದು ವರ್ಷ ಅದನ್ನು ಒಡೆದವನು ರಾಮಚಂದ್ರಪ್ಪನೇ. ಈ ಸಲವೂ ಕರೆಯುತ್ತಾರೆಯೇ ಎನ್ನುವುದು ಅವನ ಪಾಲಿಗೆ ಬರೀ ಕುಂಬಳಕಾಯಿಯ ವಿಷಯವಾಗಿರಲಿಲ್ಲ. ಆ ಬೋಗಿಯಲ್ಲಿ ತಾನಿನ್ನೂ ಇದ್ದೇನೋ ಇಲ್ಲವೋ ಎಂಬುದು ಅದರಲ್ಲಿ ತೀರ್ಮಾನವಾಗಬೇಕಿತ್ತು.

ಹಬ್ಬಕ್ಕೆ ಹತ್ತು ದಿನ ಉಳಿಯಿತು. ಗುಂಪಿನಲ್ಲಿ ಪೂಜೆಯ ಸುದ್ದಿಯೇ ಇಲ್ಲ. ಮೇಲಕ್ಕೆ ಎಳೆದು ನೋಡಿದ. ಟಿಪ್ಸ್ ೩೧೦, ೩೦೯, ೩೦೮... ಎಲ್ಲ ಇವನದೇ. ನಡುವೆ ಬೇರೆಯವರದೊಂದು ‘ಗುಡ್ ಮಾರ್ನಿಂಗ್’ ಕೂಡ ಇಲ್ಲ. ಹೊಲದಲ್ಲಿ ಒಬ್ಬನೇ ನಿಂತು ಕೂಗಿಕೊಂಡವನ ಹಾಗಾಗಿತ್ತು.

ನಾವು ಕಳಿಸಿದ ಸಂದೇಶವನ್ನು ಬೆರಳಲ್ಲಿ ಒತ್ತಿ ಹಿಡಿದು ‘ಮಾಹಿತಿ’ ಎಂಬುದನ್ನು ಮುಟ್ಟಿದರೆ ಯಾರು ಯಾರು ಓದಿದ್ದಾರೆ ಎಂದು ಹೆಸರು ಸಮೇತ ಬರುತ್ತದೆ. ಇದು ಟಿಪ್ಸ್ ೧೨೦. ಊರಿಗೆಲ್ಲ ಹೇಳಿದವನು ತಾನು ಒಂದು ದಿನವೂ ಮಾಡಿ ನೋಡಿರಲಿಲ್ಲ. ನೋಡುವ ಧೈರ್ಯ ಇರಲಿಲ್ಲ ಎಂದರೂ ಸರಿಯೇ. ಅವತ್ತು ನೋಡಿದ. ಮೂವತ್ತೆಂಟು ಜನರ ಗುಂಪು. ತಲುಪಿದ್ದು ಎಲ್ಲರಿಗೂ. ಓದಿದವರು ಒಬ್ಬರೇ.

ಪೆರುಮಾಳ್.

ಹಿಂದಿನ ದಿನದ್ದು ಒತ್ತಿದ. ಪೆರುಮಾಳ್. ಅದರ ಹಿಂದಿನದು. ಪೆರುಮಾಳ್, ಆರು ಗಂಟೆ ಎರಡು ನಿಮಿಷ. ಎರಡು ವರ್ಷದ ಹಿಂದೆ ಅವನ ಹೆಣಕ್ಕೆ ಹೆಗಲು ಕೊಟ್ಟವನು ತಾನೇ. ಮಿಕ್ಕವರು ಯಾಕೆ ಓದಿಲ್ಲ ಎಂಬುದು ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು. ‘ಟಿಪ್ಸ್ ೪೧. ಕಾಟ ಕೊಡುವ ಗುಂಪಿನ ಸದ್ದು ಅಡಗಿಸುವುದು ಹೇಗೆ?’ ಅವತ್ತು ಬಂದಷ್ಟು ಹೆಬ್ಬೆರಳಿನ ಗುರುತು ಇನ್ನಾವ ದಿನವೂ ಬಂದಿರಲಿಲ್ಲ. ಪಾಪ, ಎಷ್ಟು ಖುಷಿಪಟ್ಟಿದ್ದ.

ಮಧ್ಯಾಹ್ನದ ಬಸ್ಸು ಹಿಡಿದು ಕೋರಮಂಡಲ್‌ಗೆ ಹೋದ. ಚಿನ್ನದ ಗಣಿ ಮುಚ್ಚಿ ಇಷ್ಟು ವರ್ಷವಾದರೂ ಕಾರ್ಮಿಕರ ಲೈನ್ ಮನೆಗಳು ಒಂದಕ್ಕೊಂದು ಅಂಟಿಕೊಂಡೇ ನಿಂತಿದ್ದವು. ಪೆರುಮಾಳನ ಹೆಂಡತಿ ಮೀನಾ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಶಾಲೆಯೊಂದರ ಬಿಸಿಯೂಟದ ಅಡುಗೆಗೆ ಹೋಗಿ ಬಂದು ಇನ್ನೂ ಸೀರೆ ಬದಲಾಯಿಸಿರಲಿಲ್ಲ.

“ವಾಂಗಣ್ಣಾ, ಒಳಗ್ ಬನ್ನಿ. ಟ್ರೈನ್ ಅಣ್ಣ ತಾನೇ ನೀವು?” ಎಂದಳು.

ಕಾಫಿ ಕುಡಿದಾದ ಮೇಲೆ ರಾಮಚಂದ್ರಪ್ಪ ಮೆಲ್ಲಗೆ ಕೇಳಿದ. “ಪೆರುಮಾಳಂದು ಫೋನು ಯಾರತ್ರ ಐತಮ್ಮಾ?”

ಅವಳು ಗೋಡೆಯ ಗೂಡಿನಿಂದ ತೆಗೆದುಕೊಟ್ಟಳು. ಗಾಜು ಒಡೆದಿತ್ತು, ಒರೆಸಿ ಒರೆಸಿ ಹೊಳೆಯುತ್ತಿತ್ತು. “ರೀಚಾರ್ಜ್ ಮಾಡ್ತಾನೇ ಇದೀನಿ ಅಣ್ಣಾ. ದಿನಾ ಆರು ಗಂಟೆಗೆ ಟಿಂಗ್ ಅಂತದೆ. ಅವ್ರು ಇರೋವಾಗ ಟ್ರೈನವ್ರು ಅದೇ ಟೈಮಿಗೆ ಕರೀತಿದ್ರಲ್ಲ. ಯಾರೋ ಇನ್ನೂ ಕರೀತಾವ್ರೆ ಅನ್ಕೊಂಡು ತೆಗೆದು ನೋಡ್ತೀನಿ. ನನಗೆ ಕನ್ನಡ ಓದಕ್ಕೆ ಬರಲ್ಲ. ಸುಮ್ನೆ ನೋಡಿ, ಆಮೇಲೆ ಕಾಫಿ ಇಡೋದು.”

ಮುನ್ನೂರ ಹತ್ತು ಟಿಪ್ಸಿಗೆ ಕೊನೆಗೆ ಉಳಿದದ್ದು ಓದುವವಳು ಒಬ್ಬಳೇ, ಅವಳಿಗೂ ಓದಲು ಬರುವುದಿಲ್ಲ.

“ಅದ್ರಲ್ಲಿ ಏನ್ ಬರೀತಾರೆ ಅಣ್ಣಾ?” ಎಂದು ಮೀನಾ ಕೇಳಿದಳು.

“ಇವತ್ತಿನ್ದು... ಫೋನು ನೀರಿಗೆ ಬಿದ್ರೆ ಅಕ್ಕೀಲಿ ಊತಿಡ್ಬೇಡಿ, ಆಫ್ ಮಾಡಿ ಗಾಳಿಗಿಡಿ ಅಂತ.”

ಮೀನಾ ಮೊರದಲ್ಲಿದ್ದ ಅಕ್ಕಿಯನ್ನು ನೋಡಿದಳು, ಅವನನ್ನು ನೋಡಿದಳು, ಜೋರಾಗಿ ನಕ್ಕುಬಿಟ್ಟಳು. ನಗುನಗುತ್ತಲೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಂತರ ಫೋನನ್ನು ಅವನ ಮುಂದೆ ತಳ್ಳಿದಳು. “ಜಾಗ ಇಲ್ಲ ಅಂತ ಬರ್ತದೆ. ಬೇಡದ್ದೆಲ್ಲ ಅಳಿಸಿ ಕೊಡಿ ಅಣ್ಣಾ. ಬೆಳಗ್ಗೆದು ಮಾತ್ರ ಅಳಿಸ್ಬೇಡಿ. ಇನ್ನೊಂದು ಗುಂಪೈತೆ, ದಿನ ಪೂರ್ತಿ ಕಿಚಕಿಚ. ತಲೆ ನೋವು. ಪಕ್ಕದ್ಮನೆ ಲಿಖಿತ ಹತ್ರ ಹೇಳಿ ಅದರ ಸೌಂಡ್ ನಿಲ್ಲಿಸ್ದೆ.”

ರಾಮಚಂದ್ರಪ್ಪ ಆ ಇನ್ನೊಂದನ್ನು ತೆರೆದ. ‘ಮೂರನೇ ಬೋಗಿ ಹೊಸದು.’ ಅಡ್ಮಿನ್ ವೇಣು. ಶುರುವಾದದ್ದು ಫೆಬ್ರವರಿಯಲ್ಲಿ. ಸದಸ್ಯರು ಮೂವತ್ತೇಳು. ಒಂದೊಂದೇ ಹೆಸರು ನೋಡುತ್ತ ಹೋದ. ಎಲ್ಲರೂ ಇದ್ದರು. ಸತ್ತ ಪೆರುಮಾಳನೂ ಇದ್ದ. ಬದುಕಿದ್ದ ರಾಮಚಂದ್ರಪ್ಪ ಇರಲಿಲ್ಲ.

ಮೊಟ್ಟಮೊದಲ ಸಂದೇಶ ವೇಣುವಿನದು. ‘ಇಲ್ಲಿ ಯಾರೂ ಟಿಪ್ಸ್ ಕಳಿಸಲ್ಲ, ನೆಮ್ಮದಿಯಾಗಿರಿ.’ ಕೆಳಗೆ ಸಾಲಾಗಿ ನಗುವ ಮುಖಗಳು. ಕೊನೆಯಲ್ಲಿ ಪೂಜೆಯ ಸುದ್ದಿ. ಬೂಂದಿ ಯಾರು ತರಬೇಕು, ಹೂವು ಯಾರು, ಬಾಳೆಕಂದು ಯಾರು. ‘ಕುಂಬಳಕಾಯಿ ಈ ಸಲ ಚಿರಂಜೀವಿ ಒಡೀತಾನೆ.’ ಚಿರಂಜೀವಿ ಎಂದರೆ ಬೋಗಿಗೆ ಹೋದ ವರ್ಷ ಸೇರಿದ ಹುಡುಗ. ಅವನ ಫೋನಿನ ಅಕ್ಷರ ದೊಡ್ಡದು ಮಾಡಿಕೊಟ್ಟವನೂ ಇವನೇ.

ಬೆರಳು ತಾನಾಗಿ ಕೆಳಗಿನ ಖಾಲಿ ಜಾಗಕ್ಕೆ ಹೋಯಿತು. ‘ರಾಮಚಂದ್ರಪ್ಪನ್ನ ಮರೆತ್ರಾ?’ ಎಂದು ಒಂದು ಸಾಲು ಸಾಕಿತ್ತು. ಸತ್ತವನ ನಂಬರಿನಿಂದ ಬಂದಿದ್ದರೆ ಮಿಕ್ಕ ಮೂವತ್ತಾರೂ ಜನ ಬೆಚ್ಚಿಬೀಳುತ್ತಿದ್ದರು. ಅಕ್ಷರ ಒತ್ತಿದ, ಅಳಿಸಿದ. ಯಾರಿಗೂ ಇವನ ಮೇಲೆ ದ್ವೇಷವಿರಲಿಲ್ಲ, ಅದೇ ಸಂಕಟ. ದ್ವೇಷವಾದರೆ ಜಗಳವಾಡಬಹುದಿತ್ತು. ಇವರಿಗೆ ಟಿಪ್ಸ್ ಸಾಕಾಗಿ ಬೇಜಾರಾಗಿತ್ತು ಅಷ್ಟೇ. ಅದಕ್ಕೆ ಯಾರ ಹತ್ತಿರ ಹೋಗಿ ಏನು ಕೇಳುವುದು?

ಹಳೆಯ ವಿಡಿಯೋಗಳನ್ನು ಅಳಿಸಿ, ಅಕ್ಷರ ದೊಡ್ಡದು ಮಾಡಿ, ಫೋನನ್ನು ಒರೆಸಿ ಕೊಟ್ಟ. ಕಳಿಸುವವನು ತಾನೇ ಎಂದು ಹೊರಡುವಾಗ ಹೇಳಿದ. ಮೀನಾಗೆ ಅದೇನೂ ಆಶ್ಚರ್ಯವೆನಿಸಲಿಲ್ಲ.

“ನಾಳೈಕ್ಕೂ ಬರ್ತದಾ ಅಣ್ಣಾ?” ಎಂದಷ್ಟೇ ಕೇಳಿದಳು.

“ಬತ್ತದಮ್ಮಾ.”

ಮನೆಯಲ್ಲಿ ಅನಸೂಯಮ್ಮ, “ಪೂಜೆಗೆ ಕರುದ್ರಾ?” ಎಂದಳು. ಅವಳಿಗೂ ಆ ಲೆಕ್ಕವಿತ್ತು ಎಂದು ಅವನಿಗೆ ಗೊತ್ತಿರಲಿಲ್ಲ. “ಈ ಸಲ ನಾನೇ ಬೇಡ ಅಂದೆ. ಮೊಣಕಾಲು ನೋವು,” ಎಂದ. ರಾತ್ರಿ ಊಟಕ್ಕೆ ಮುದ್ದೆಯ ಜೊತೆ ಅವನಿಗಿಷ್ಟದ ಉಪ್ಸಾರು ಮಾಡಿದ್ದಳು.

ಪೂಜೆಯ ದಿನ ಬೆಳಿಗ್ಗೆ ಹುಲ್ಲು ಕುಯ್ಯುವ ನೆಪದಲ್ಲಿ ರಾಮಚಂದ್ರಪ್ಪ ರೈಲು ಹಳಿಯ ಪಕ್ಕದ ಹೊಲಕ್ಕೆ ಹೋದ. ಬಂಗಾರಪೇಟೆ ಬಿಟ್ಟ ಗಾಡಿ ಅಲ್ಲಿ ಇನ್ನೂ ಪೂರ್ತಿ ವೇಗ ಹಿಡಿದಿರುವುದಿಲ್ಲ. ಮೂರನೇ ಬೋಗಿಯ ಎರಡೂ ಬಾಗಿಲಿಗೆ ಬಾಳೆಕಂದು ಕಟ್ಟಿದ್ದರು. ಒಳಗೆ ಯಾರೋ ಜೋರಾಗಿ ನಗುತ್ತಿದ್ದರು. ಬಾಗಿಲಲ್ಲಿ ನಿಂತವರ ಹಣೆಯ ಕುಂಕುಮವೂ ಕಾಣಿಸಿತು. ಕೈ ಎತ್ತೋಣ ಎಂದುಕೊಳ್ಳುವಷ್ಟರಲ್ಲಿ ಬೋಗಿ ದಾಟಿಹೋಯಿತು.

ಆರಕ್ಕೆ ಕಳಿಸಬೇಕಾದದ್ದನ್ನು ಅವತ್ತು ಇನ್ನೂ ಕಳಿಸಿರಲಿಲ್ಲ. ಹಳೆಯ ಗುಂಪನ್ನು ತೆರೆದ. ಬರೆಯಲಿಲ್ಲ. ಮೈಕಿನ ಗುರುತನ್ನು ಒತ್ತಿ ಹಿಡಿದು, ರೈಲಿನಲ್ಲಿ ಕಲಿತ ಹರಕುಮುರುಕು ತಮಿಳಿನಲ್ಲಿ, “ಮೀನಾಮ್ಮಾ, ನಾನ್ ರಾಮಚಂದ್ರಪ್ಪ ಪೇಸುರೇನ್,” ಎಂದ. ಇವತ್ತು ಬೋಗಿಗೆ ಪೂಜೆಯೆಂದ. ಬಾಳೆಕಂದು ಎಷ್ಟೆತ್ತರ, ಹೂವು ಯಾವ ಬಣ್ಣ, ಪೆರುಮಾಳ್ ಕೂರುತ್ತಿದ್ದ ಕಿಟಕಿಗೆ ಎರಡು ಸುತ್ತು ಹಾರ ಹಾಕಿದ್ದಾರೆ ಎಂದೆಲ್ಲ ಹೇಳಿದ. ಕೊನೆಯದು ಅವನು ಕಂಡದ್ದಲ್ಲ, ತಾನೇ ಕಟ್ಟಿ ಹೇಳಿದ್ದು. ಮಿಕ್ಕ ಜನ ಕೇಳಿಸಿಕೊಂಡು ನಕ್ಕರೆ ನಗಲಿ ಎಂದುಕೊಂಡು ಬೆರಳು ತೆಗೆದ.

ಹಳಿಯ ಮೇಲಿನ ಸದ್ದು ಪೂರ್ತಿ ಅಡಗಿತು. ಕುಡುಗೋಲು ಹಿಡಿದು ಎರಡು ಹಿಡಿ ಹುಲ್ಲು ಕೊಯ್ದ. ಆಗ ಜೇಬಿನಲ್ಲಿ ಟಿಂಗ್ ಎಂದಿತು. ಪೆರುಮಾಳನ ನಂಬರಿನಿಂದ ಧ್ವನಿ ಬಂದಿತ್ತು, ಹಿಂದೆ ಪಾತ್ರೆಯ ಸದ್ದು.

“ಕೇಟ್ಟೇನ್ ಅಣ್ಣಾ,” ಎಂದಿದ್ದಳು ಮೀನಾ. ಕೇಳಿಸಿಕೊಂಡೆ ಅಂತ. ಆಮೇಲೆ, “ವಂಡಿ ಪೋಚ್ಚಾ?” ಗಾಡಿ ಹೋಯಿತಾ ಎಂದು ಕೇಳಿದ್ದಳು.

ರಾಮಚಂದ್ರಪ್ಪ ಖಾಲಿ ಹಳಿಯನ್ನು ನೋಡುತ್ತ ಮತ್ತೆ ಮೈಕನ್ನು ಒತ್ತಿ ಹಿಡಿದ.

“ಪೋಚ್ಚಮ್ಮಾ,” ಎಂದ.